ಮಾಸ, ಚಂದ್ರ, ತಿಂಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಸ್ಕೃತ ಕಲಿಯುವವರು, ಪಂಚಾಂಗ ನೋಡುವವರು, ಸುಮ್ನೆ ಪದಗಳ ಬೆನ್ನು ಹತ್ತುವವರು, ಮೂರೂ ಬಗೆಯವರು ಕೊನೆಗೆ ಕೇಳುವುದು ಹೆಚ್ಚೂಕಡಿಮೆ ಇವೇ ಪ್ರಶ್ನೆಗಳನ್ನು. ಕೆಲವಕ್ಕೆ ಒಂದು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಕೂತು ಮಾತಾಡಬೇಕು.

ಸಂಸ್ಕೃತದಲ್ಲಿ ಚಂದ್ರನಿಗೂ ತಿಂಗಳಿಗೂ ಒಂದೇ ಪದ ಇದೆಯಂತೆ. ಯಾವುದದು?

‘ಮಾಸ್’. ಕೊನೆಯಲ್ಲಿ ಸ್ವರ ಇಲ್ಲ, ಬರೀ ಸಕಾರ. ಇದಕ್ಕೆ ಚಂದ್ರ ಅನ್ನುವ ಅರ್ಥವೂ ಇದೆ, ತಿಂಗಳು ಅನ್ನುವ ಅರ್ಥವೂ ಇದೆ. ಕನ್ನಡಕ್ಕೆ ಬಂದಿರುವುದು ಇದರ ಅಕಾರ ಸೇರಿದ ರೂಪ, ‘ಮಾಸ’.

ಋಗ್ವೇದದಲ್ಲಿ ಎರಡೂ ಅರ್ಥ ಕಣ್ಣಿಗೆ ಬೀಳುತ್ತವೆ. 8ನೇ ಮಂಡಲದ 94ನೇ ಸೂಕ್ತದಲ್ಲಿ ‘ಸೂರ್ಯಾಮಾಸಾ’ ಅಂತ ಒಂದು ಜೋಡಿಪದ ಬರುತ್ತದೆ. ಇದನ್ನು ‘ಸೂರ್ಯ ಮತ್ತು ತಿಂಗಳು’ ಅಂತ ಓದಿದರೆ ಅರ್ಥವೇ ಆಗಲ್ಲ. ಅಲ್ಲಿ ಇರುವುದು ಸೂರ್ಯ ಮತ್ತು ಚಂದ್ರ. ಇನ್ನೊಂದು ಕಡೆ, 1ನೇ ಮಂಡಲದ 25ನೇ ಸೂಕ್ತದಲ್ಲಿ, ವರುಣನಿಗೆ ಹನ್ನೆರಡು ‘ಮಾಸ’ಗಳು ಗೊತ್ತು ಅಂತ ಇದೆ. ಅಲ್ಲಿ ಅದು ತಿಂಗಳೇ. ಚಂದ್ರ ಹನ್ನೆರಡು ಇಲ್ಲವಲ್ಲ.

‘ಮಾಸ್’ ಬೇರೆ, ‘ಮಾಸ’ ಬೇರೆನಾ?

ಒಂದೇ ಮನೆಯ ಎರಡು ಬಾಗಿಲು ಅನ್ನಬಹುದು. ಸಂಸ್ಕೃತ ವ್ಯಾಕರಣ ಬರೆದ ಪಾಣಿನಿಯ ಒಂದು ಸೂತ್ರ (6.1.63) ಕೆಲವು ಪದಗಳಿಗೆ ಬದಲಿ ರೂಪ ಹೇಳುತ್ತದೆ. ಪಾದಕ್ಕೆ ಪದ್, ದಂತಕ್ಕೆ ದತ್, ಹೃದಯಕ್ಕೆ ಹೃದ್, ನಿಶೆಗೆ ನಿಶ್. ಅದೇ ಸಾಲಿನಲ್ಲಿ ಮಾಸಕ್ಕೆ ಮಾಸ್. ಹಾಗಾಗಿ ‘ತಿಂಗಳಿನಿಂದ’ ಅನ್ನಲು ‘ಮಾಸೇನ’ ಅಂತಲೂ ಹೇಳಬಹುದು, ‘ಮಾಸಾ’ ಅಂತಲೂ ಹೇಳಬಹುದು.

ಇತಿಹಾಸದ ಕಣ್ಣಿನಿಂದ ನೋಡಿದರೆ ಕತೆ ತಿರುಗುಮುರುಗು. ‘ಮಾಸ್’ ಹಳೆಯದು. ‘ಮಾಸ’ ಆಮೇಲೆ ಗಟ್ಟಿಯಾದದ್ದು. ಸ್ವರ ಕೊನೆಯಲ್ಲಿದ್ದರೆ ರೂಪಗಳನ್ನು ಹೇಳುವುದು ಸಲೀಸು, ‘ರಾಮ’ ಶಬ್ದದ ಹಾಗೆ ನಡೆದುಬಿಡುತ್ತದೆ. ಸಂಸ್ಕೃತ ಪದಗಳ ವಿಭಕ್ತಿ ರೂಪಗಳ ಪುಸ್ತಕ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿದವರಿಗೆ ಇದರ ಸುಖ ಗೊತ್ತು.

ಚಂದ್ರನಿಗೆ ‘ಮಾಸ’ ಅಂತ ಈಗ ಯಾರೂ ಅನ್ನಲ್ಲ. ಯಾಕೆ?

ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಒಂದು ಪದ ಎರಡು ಕೆಲಸ ಮಾಡುತ್ತಿದ್ದರೆ ಗೊಂದಲ ಆಗುತ್ತದೆ. ಆಗ ಒಂದು ಕೆಲಸಕ್ಕೆ ಹೊಸಬರು ಬರುತ್ತಾರೆ. ಆಕಾಶದಲ್ಲಿ ಇರುವವನಿಗೆ ‘ಚಂದ್ರ’ ಅನ್ನುವ ಹೊಸ ಹೆಸರು ಬಂತು. ಅದರ ಅರ್ಥ ‘ಹೊಳೆಯುವವನು’, ಅಷ್ಟೇ. ಅದು ಮೊದಲು ವಿಶೇಷಣ. ವೇದದಲ್ಲಿ ಚಿನ್ನಕ್ಕೂ ‘ಚಂದ್ರ’ ಅಂತ ಕರೆದಿದ್ದಾರೆ, ಅದೂ ಹೊಳೆಯುತ್ತದಲ್ವಾ. ಹಳೇ ಪದ ‘ಮಾಸ’ ಆಕಾಶ ಬಿಟ್ಟು ಲೆಕ್ಕದ ಪುಸ್ತಕಕ್ಕೆ ಇಳಿಯಿತು.

ಲ್ಯಾಟಿನ್‌ನಲ್ಲೂ ಹೀಗೇ ಆಯಿತು. ಅಲ್ಲಿ ತಿಂಗಳಿಗೆ ‘ಮೆನ್ಸಿಸ್’ ಉಳಿಯಿತು, ಚಂದ್ರನಿಗೆ ‘ಲೂನಾ’ ಬಂತು. ಲೂನಾ ಪದದ ಬೇರೂ ಬೆಳಕೇ. ಕನ್ನಡದಲ್ಲೂ ಇದೇ ನಡೆಯಿತು. ಅದನ್ನು ಕೆಳಗೆ ಬೇರೆಯಾಗಿ ಹೇಳುತ್ತೇನೆ.

‘ಚಂದ್ರಮಾ’ ಅನ್ನುವಾಗ ಕೊನೆಯ ‘ಮಾ’ ಏನು?

ಅದೇ ಹಳೇ ಮಾಸ್! ಚಂದ್ರ ಮತ್ತು ಮಾಸ್ ಕೂಡಿ ‘ಚಂದ್ರಮಸ್’. ಅಂದರೆ ‘ಹೊಳೆಯುವ ಮಾಸ್’, ‘ಹೊಳೆಯುವ ಚಂದ್ರ’. ಪ್ರಥಮಾ ವಿಭಕ್ತಿ ಏಕವಚನದಲ್ಲಿ ಅದು ‘ಚಂದ್ರಮಾಃ’ ಆಗುತ್ತದೆ. ಪುರುಷಸೂಕ್ತದ ‘ಚಂದ್ರಮಾ ಮನಸೋ ಜಾತಃ’ ಎಷ್ಟೋ ಜನರ ಕಿವಿಗೆ ಬಿದ್ದಿರುತ್ತದೆ. ಅಲ್ಲಿ ವಿಸರ್ಗ ಬಿಟ್ಟುಹೋಗಿರುವುದು ಮುಂದೆ ಮಕಾರ ಇರುವುದರಿಂದ.

ಈ ಜೋಡಿಪದದಲ್ಲಿ ವಿಶೇಷಣವೂ ಇದೆ, ನಾಮಪದವೂ ಇದೆ. ಆಮೇಲೆ ನಾಮಪದ ಉದುರಿತು, ವಿಶೇಷಣ ಒಂದೇ ಉಳಿದು ತಾನೇ ಯಜಮಾನನಾಯಿತು. ‘ಬಿಸಿ ನೀರು’ ಅನ್ನುವ ಬದಲು ಬರೀ ‘ಬಿಸಿ ಹಾಕು’ ಅಂದ ಹಾಗೆ. ಹೆಣ್ಣುಮಕ್ಕಳಿಗೆ ಚಂದ್ರಮಾ ಅಂತ ಹೆಸರಿಡುತ್ತಾರೆ, ಕೇಳಲು ಚೆನ್ನಾಗಿದೆ. ಆದರೆ ಸಂಸ್ಕೃತದಲ್ಲಿ ಪದ ಪುಲ್ಲಿಂಗ.

ಹರಿಶ್ಚಂದ್ರ ಹೆಸರಿನಲ್ಲಿ ನಡುವೆ ‘ಶ್’ ಎಲ್ಲಿಂದ ಬಂತು?

ರಾಮಚಂದ್ರನಲ್ಲಿ ಇಲ್ಲದ್ದು ಹರಿಶ್ಚಂದ್ರನಲ್ಲಿ ಯಾಕಿದೆ ಅಂತ ನನಗೂ ತುಂಬ ದಿನ ತಲೆ ಕೆರೆದದ್ದುಂಟು. ಚಂದ್ರ ಪದದ ಹಳೇ ರೂಪ ‘ಶ್ಚಂದ್ರ’. ವೇದದಲ್ಲಿ ಸುಶ್ಚಂದ್ರ, ಪುರುಶ್ಚಂದ್ರ ಅನ್ನುವ ಪದಗಳಿವೆ. ಪದದ ಮೊದಲಲ್ಲಿ ಶಕಾರ ಸವೆದು ಹೋಯಿತು. ಸಮಾಸದ ನಡುವೆ ಸಿಕ್ಕಿಹಾಕಿಕೊಂಡಿದ್ದ ಕಡೆ ಉಳಿಯಿತು. ಪಾಣಿನಿ ಇದಕ್ಕೆ ಸೂತ್ರವನ್ನೇ ಮಾಡಿ, ಹರಿಶ್ಚಂದ್ರನನ್ನು ಹೆಸರು ಹಿಡಿದು ಹೇಳಿದ್ದಾನೆ. ಇಲ್ಲಿ ‘ಹರಿ’ ಅಂದರೆ ಹೊಂಬಣ್ಣ. ಹಾಗಾಗಿ ಹರಿಶ್ಚಂದ್ರ ‘ಹೊನ್ನಿನಂತೆ ಹೊಳೆಯುವವನು’. ವಿಷ್ಣುವೂ ಇಲ್ಲ, ಆಕಾಶದ ಚಂದ್ರನೂ ಇಲ್ಲ.

ಮಾಸ್ ಅಂದರೆ ‘ಅಳೆಯುವವನು’ ಅಂತಾರೆ. ನಿಜನಾ?

ಬಹುಮಟ್ಟಿಗೆ ಒಪ್ಪಿರುವ ಮಾತು. ಸಂಸ್ಕೃತದಲ್ಲಿ ‘ಮಾ’ ಅನ್ನುವ ಧಾತುವಿಗೆ ಅಳೆಯುವುದು ಅಂತ ಅರ್ಥ. ಮಾನ, ಪ್ರಮಾಣ, ಅನುಮಾನ, ಉಪಮಾನ ಎಲ್ಲ ಅದರ ಮಕ್ಕಳು. ನಾವು ನುಂಗುವ ಮಾತ್ರೆಯೂ ಅಲ್ಲಿಂದಲೇ. ಮಾತ್ರೆ ಅಂದರೆ ಒಂದು ಅಳತೆ, ಇಷ್ಟೇ ತಗೋ ಅನ್ನುವ ಲೆಕ್ಕ.

ಇದು ಹೊಸ ಕಾಲದವರು ಕಂಡುಹಿಡಿದದ್ದಲ್ಲ. ವೇದದ ಪದಗಳ ಮೂಲ ಬಿಡಿಸಿ ಹೇಳುವ ಹಳೇ ಗ್ರಂಥ ನಿರುಕ್ತ, ಅದನ್ನು ಬರೆದ ಯಾಸ್ಕ ‘ಮಾಸಾ ಮಾನಾತ್’ ಅಂದಿದ್ದಾನೆ. ಅಳೆಯುವುದರಿಂದ ಮಾಸ. ಯಾಸ್ಕನ ವ್ಯುತ್ಪತ್ತಿಗಳಲ್ಲಿ ಕೆಲವು ಎಳೆದು ತಂದ ಹಾಗೆ ಇರುತ್ತವೆ. ಇದು ಮಾತ್ರ ಇವತ್ತಿನ ಭಾಷಾವಿಜ್ಞಾನಿಗಳ ಊಹೆಗೂ ಹೊಂದುತ್ತದೆ. ಊಹೆ ಅಂತ ಬೇಕೆಂದೇ ಬರೆದೆ. ಚಂದ್ರನ ಹೆಸರು ಅಳತೆಯ ಧಾತುವಿನಿಂದಲೇ ಹುಟ್ಟಿತು ಅಂತ ಸಾಬೀತು ಮಾಡಲು ಅಷ್ಟು ಹಿಂದಿನ ಬರಹ ಎಲ್ಲೂ ಇಲ್ಲ. ಆದರೆ ಅರ್ಥ ಚೆನ್ನಾಗಿ ಕೂರುತ್ತದೆ. ಗಡಿಯಾರ ಇಲ್ಲದ ಕಾಲದಲ್ಲಿ ದಿನಕ್ಕಿಂತ ದೊಡ್ಡ ಅಳತೆ ಬೇಕಾದರೆ ತಲೆ ಎತ್ತಿ ನೋಡಬೇಕಿತ್ತು. ಸೂರ್ಯ ದಿನಾ ಒಂದೇ ಥರ ಕಾಣುತ್ತಾನೆ. ಚಂದ್ರ ದಿನಾ ಒಂದಿಷ್ಟು ಬದಲಾಗುತ್ತಾನೆ.

ಬೇರೆ ಭಾಷೆಗಳಲ್ಲೂ ಇದೇ ಪದ ಇದೆಯಾ?

ಇದೆ, ಅದೂ ಧಾರಾಳವಾಗಿ. ಪಾರಸಿಯಲ್ಲಿ ‘ಮಾಹ್’, ಇವತ್ತಿಗೂ ಚಂದ್ರ ಮತ್ತು ತಿಂಗಳು ಎರಡಕ್ಕೂ ಅದೇ. ರಷ್ಯನ್‌ನಲ್ಲಿ ‘ಮೆಸ್ಯತ್ಸ್’, ತಿಂಗಳು ಮತ್ತು ಬಾಲಚಂದ್ರ. ಗ್ರೀಕ್‌ನಲ್ಲಿ ತಿಂಗಳಿಗೆ ‘ಮೇನ್’, ಚಂದ್ರನಿಗೆ ‘ಮೇನೆ’. ಜರ್ಮನ್‌ನಲ್ಲಿ ‘ಮೋಂಡ್’ ಮತ್ತು ‘ಮೋನಾಟ್’. ಇಂಗ್ಲಿಷ್‌ನ ಮೂನ್ ಮತ್ತು ಮಂತ್ ಕೂಡ ಇದೇ ಬಳಗ. ಸಂಸ್ಕೃತದಿಂದ ಇವು ಹುಟ್ಟಿದವು ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. ಇವೆಲ್ಲ ಅಕ್ಕತಂಗಿಯರು, ಇವುಗಳ ತಾಯಿ ಇನ್ನೂ ಹಳೆಯ ಒಂದು ಭಾಷೆ. ಅದಕ್ಕೆ ವಿದ್ವಾಂಸರು ಮೂಲ ಇಂಡೋ-ಯುರೋಪಿಯನ್ ಅನ್ನುತ್ತಾರೆ. ಲ್ಯಾಟಿನ್, ಗ್ರೀಕ್, ಇಂಗ್ಲಿಷ್‌ಗಳಲ್ಲಿ ಕೇಳಿಸುವ ನಡುವಿನ ನಕಾರ ಆ ತಾಯಿಯಲ್ಲೂ ಇತ್ತು. ಸಂಸ್ಕೃತದಲ್ಲಿ ಅದು ಬಿದ್ದುಹೋಗಿದೆ. ಅಂದರೆ ಇದೊಂದು ವಿಷಯದಲ್ಲಿ ಇಂಗ್ಲಿಷ್‌ನ ಮೂನ್ ಹಳೇ ಆಸ್ತಿಯನ್ನು ಜಾಸ್ತಿ ಜೋಪಾನ ಮಾಡಿದೆ.

ಒಂದು ಪದ ಮಾತ್ರ ಬಿಡಿಸಿ ತೋರಿಸಬೇಕು. ಕಾಲೇಜಿನ ಹುಡುಗರ ಬಾಯಲ್ಲಿ ದಿನಾ ಇರುವ ‘ಸೆಮಿಸ್ಟರ್’. ಲ್ಯಾಟಿನ್‌ನಲ್ಲಿ ಆರಕ್ಕೆ ‘ಸೆಕ್ಸ್’, ತಿಂಗಳಿಗೆ ‘ಮೆನ್ಸಿಸ್’. ಎರಡೂ ಕೂಡಿ ‘ಸೆಮೆಸ್ಟ್ರಿಸ್’, ಆರು ತಿಂಗಳದ್ದು. ಸಂಸ್ಕೃತದಲ್ಲಿ ‘ಷಷ್’ ಮತ್ತು ‘ಮಾಸ’ ಕೂಡಿ ‘ಷಣ್ಮಾಸ’, ಅದರಿಂದ ಷಾಣ್ಮಾಸಿಕ. ಸೆಕ್ಸ್-ಷಷ್ ನೆಂಟರು, ಮೆನ್ಸಿಸ್-ಮಾಸ ನೆಂಟರು. ಎರಡು ಕಡೆ ಬೇರೆ ಬೇರೆಯಾಗಿ ಹೊಲಿದರೂ ಬಟ್ಟೆ ಒಂದೇ ಥಾನಿನದು.

ಕನ್ನಡದ ‘ತಿಂಗಳು’ ಸಂಸ್ಕೃತ ನೋಡಿ ಮಾಡಿದ ಅನುವಾದನಾ?

ಹಾಗೆ ಅನ್ನಲು ಯಾವ ಕಾರಣವೂ ಇಲ್ಲ. ತಿಂಗಳ್ ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ಅದಕ್ಕೆ ಚಂದ್ರ ಅಂತಲೂ ಅರ್ಥ, ಮಾಸ ಅಂತಲೂ ಅರ್ಥ. ತಮಿಳಿನ ‘ತಿಂಗಳ್’ ಚಂದ್ರ, ತಿಂಗಳು, ಸೋಮವಾರ ಮೂರಕ್ಕೂ ನಡೆಯುತ್ತದೆ. ಮಲಯಾಳದಲ್ಲಿ ‘ತಿಂಗಳ್’ ಅಂದರೆ ಚಂದ್ರ ಮತ್ತು ಸೋಮವಾರ. ತುಳುವಿನಲ್ಲಿ ‘ತಿಂಗೊಳು’ ಬರೀ ತಿಂಗಳು. ತೆಲುಗು ಬೇರೆಯೇ ಪದ ಹಿಡಿಯಿತು, ‘ನೆಲ’. ಆದರೆ ಅಲ್ಲೂ ಅದೇ ಜೋಡಿ: ನೆಲ ಅಂದರೆ ತಿಂಗಳು, ನೆಲವಂಕ ಅಂದರೆ ಬಾಲಚಂದ್ರ, ವೆನ್ನೆಲ ಅಂದರೆ ಬೆಳದಿಂಗಳು. ಸಂಸ್ಕೃತಕ್ಕೂ ದ್ರಾವಿಡಕ್ಕೂ ಹುಟ್ಟಿನಲ್ಲಿ ಸಂಬಂಧ ಇಲ್ಲ. ಎರಡೂ ಕಡೆಯವರು ಒಂದೇ ಚಂದ್ರನನ್ನು ನೋಡಿ ಒಂದೇ ಥರ ಯೋಚಿಸಿದರು.

ಈಗ ಕನ್ನಡದಲ್ಲಿ ಏನಾಗಿದೆ ನೋಡಿ. ‘ತಿಂಗಳು ಮೂಡಿತು’ ಅಂದರೆ ಇವತ್ತಿನ ಕಿವಿಗೆ ಕವಿತೆ. ಮಾತಿನಲ್ಲಿ ತಿಂಗಳು ಅಂದರೆ ಸಂಬಳ, ಬಾಡಿಗೆ, ಕಂತು. ಆಕಾಶದ ಕೆಲಸವನ್ನು ಸಂಸ್ಕೃತದ ಚಂದ್ರ ವಹಿಸಿಕೊಂಡಿದ್ದಾನೆ. ಸಂಸ್ಕೃತದಲ್ಲಿ ಮಾಸ್ ಪದಕ್ಕೆ ಆದದ್ದೇ ಇಲ್ಲೂ ಆಯಿತು, ಅದೂ ಅದೇ ಚಂದ್ರನ ಕೈಯಲ್ಲಿ. ಆದರೆ ಹಳೇ ಅರ್ಥ ಪೂರ್ತಿ ಅಳಿಸಿಹೋಗಿಲ್ಲ. ‘ಬೆಳದಿಂಗಳು’ ಬಿಡಿಸಿ. ಬೆಳ್ ಅಂದರೆ ಬಿಳಿ. ತಿಂಗಳ್ ಅಂದರೆ ಚಂದ್ರ. ಸಂಧಿಯಲ್ಲಿ ತಕಾರ ದಕಾರವಾಗಿದೆ. ಮಾಸ್ ಹೇಗೆ ಚಂದ್ರಮಾ ಪದದ ಬಾಲದಲ್ಲಿ ಅಡಗಿ ಕೂತಿದೆಯೋ, ತಿಂಗಳು ಹಾಗೆ ಬೆಳದಿಂಗಳಿನ ಬಾಲದಲ್ಲಿ ಕೂತಿದೆ.

ಅಮಾವಾಸ್ಯೆಯ ‘ಮಾ’ ಕೂಡ ಚಂದ್ರನೇ ಅಲ್ವಾ?

ಅಲ್ಲ. ನಾನೂ ಒಂದು ಕಾಲಕ್ಕೆ ‘ಅ-ಮಾಸ್, ಚಂದ್ರ ಇಲ್ಲದ್ದು’ ಅಂತ ನಂಬಿ, ನಾಲ್ಕು ಜನರ ಮುಂದೆ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದೇನೆ. ಆಡುಮಾತಿನ ‘ಅಮಾಸೆ’ ಕೇಳಿದಾಗ ಹಾಗೆ ಅನ್ನಿಸುವುದು ಸಹಜ. ಪದ ಇರುವುದು ‘ಅಮಾ’ ಮತ್ತು ‘ವಸ್’ ಸೇರಿ. ಅಮಾ ಅಂದರೆ ಜೊತೆಯಲ್ಲಿ, ಮನೆಯಲ್ಲಿ. ವಸ್ ಅಂದರೆ ವಾಸ ಮಾಡು. ಸೂರ್ಯ ಚಂದ್ರ ಜೊತೆಯಲ್ಲಿ ಇರುವ ರಾತ್ರಿ ಅಮಾವಾಸ್ಯೆ. ಖಗೋಳದ ಲೆಕ್ಕದಲ್ಲೂ ಸರಿ, ಅವತ್ತು ಇಬ್ಬರೂ ಒಂದೇ ದಿಕ್ಕಿನಲ್ಲಿ ಇರುತ್ತಾರೆ. ರಾಜನ ‘ಅಮಾತ್ಯ’ನಲ್ಲೂ ಇದೇ ಅಮಾ ಇದೆ. ಜೊತೆಯಲ್ಲಿ ಇರುವವನು ಅವನು.

ಅಮಾವಸ್ಯಾ, ಅಮಾವಾಸ್ಯಾ ಎರಡರಲ್ಲಿ ಯಾವುದು ಸರಿ ಅಂತ ಜಗಳ ಆಡುವವರಿಗೆ: ಪಾಣಿನಿ ಎರಡಕ್ಕೂ ಒಪ್ಪಿಗೆ ಕೊಟ್ಟಿದ್ದಾನೆ.

ಮಾಸ್ ನಿಜಕ್ಕೂ ಇರುವುದು ಎದುರು ತುದಿಯಲ್ಲಿ, ‘ಪೌರ್ಣಮಾಸಿ’ಯಲ್ಲಿ. ಪೂರ್ಣ ಮತ್ತು ಮಾಸ್, ತುಂಬಿದ ಚಂದ್ರ. ಅಲ್ಲಿ ‘ತುಂಬಿದ ತಿಂಗಳು’ ಅಂತ ಅರ್ಥ ಮಾಡಬೇಡಿ. ನಮ್ಮ ಹುಣ್ಣಿಮೆ ‘ಪೂರ್ಣಿಮಾ’ ಪದದ ತದ್ಭವ. ಪಕಾರ ಹಕಾರ ಆಗುವುದು ಕನ್ನಡದ ಹಳೇ ಚಾಳಿ, ಪಾಲು ಹಾಲಾದ ಹಾಗೆ.

ಮಾಸ, ಮಾಂಸ, ಮಾಷ, ಮಾಸು. ಇವುಗಳಲ್ಲಿ ಸಂಬಂಧ ಇದೆಯಾ?

ಇಲ್ಲ. ಮಾಂಸ ಬೇರೆ ಪದ. ಮಾಷ ಅಂದರೆ ಉದ್ದು. ಬಟ್ಟೆ ಮಾಸುವುದು ಕನ್ನಡದ್ದೇ ಕ್ರಿಯಾಪದ. ಬಿಂದುವೊಂದು ಬಿಟ್ಟುಹೋಗಿ ‘ಮಾಸಾಹಾರ’ ಅಂತ ಬರೆದ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಓದಿದರೆ ತಿಂಗಳನ್ನೇ ತಿನ್ನುವವರು ಅಂತ ಆಗುತ್ತದೆ. ‘ಮಾಸಾಶನ’ ಮಾತ್ರ ಸರಿಯಾದ ಪದ. ಅಶನ ಅಂದರೆ ಊಟ. ತಿಂಗಳ ಊಟಕ್ಕೆ ಕೊಡುವ ಹಣ ಮಾಸಾಶನ.

ಚೈತ್ರ, ವೈಶಾಖ ಅನ್ನುವ ಹೆಸರುಗಳು ಹೇಗೆ ಬಂದವು?

ಆ ತಿಂಗಳ ಹುಣ್ಣಿಮೆ ಚಂದ್ರ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಅದರಿಂದ. ಚಿತ್ರಾ ನಕ್ಷತ್ರದಿಂದ ಚೈತ್ರ, ವಿಶಾಖೆಯಿಂದ ವೈಶಾಖ, ಶ್ರವಣದಿಂದ ಶ್ರಾವಣ, ಕೃತ್ತಿಕೆಯಿಂದ ಕಾರ್ತಿಕ, ಮಘೆಯಿಂದ ಮಾಘ. ಪರೀಕ್ಷೆ ಮಾಡಬೇಕಾದರೆ ಕಾರ್ತಿಕ ಹುಣ್ಣಿಮೆಯ ರಾತ್ರಿ ಹೊರಗೆ ಬಂದು ನೋಡಿ. ಚಂದ್ರನ ಆಸುಪಾಸಿನಲ್ಲಿ ಕೃತ್ತಿಕೆಯ ಪುಟ್ಟ ಗೊಂಚಲು ಇರುತ್ತದೆ. ಬೆಳಕಿಗೆ ಸರಿಯಾಗಿ ಕಾಣದಿದ್ದರೆ ಹೆಬ್ಬೆರಳಿನಿಂದ ಚಂದ್ರನನ್ನು ಮರೆಮಾಡಿ ನೋಡಬೇಕು. ಕೆಲವು ವರ್ಷ ಹುಣ್ಣಿಮೆ ಪಕ್ಕದ ನಕ್ಷತ್ರಕ್ಕೆ ಜಾರುವುದೂ ಉಂಟು.

ನಕ್ಷತ್ರ 27, ತಿಂಗಳು 12. ಹಾಗಾಗಿ ಎಲ್ಲ ನಕ್ಷತ್ರಕ್ಕೂ ತಿಂಗಳಾಗುವ ಭಾಗ್ಯ ಇಲ್ಲ. ಇದಕ್ಕಿಂತ ಹಳೇ ಹೆಸರುಗಳೂ ಇವೆ: ಮಧು, ಮಾಧವ, ಶುಕ್ರ, ಶುಚಿ, ನಭಸ್, ನಭಸ್ಯ, ಇಷ, ಊರ್ಜ, ಸಹಸ್, ಸಹಸ್ಯ, ತಪಸ್, ತಪಸ್ಯ. ಇವು ಋತುವಿಗೆ ಎರಡರಂತೆ ಜೋಡಿ ಜೋಡಿಯಾಗಿ ಬರುತ್ತವೆ. ಮಧು ಮತ್ತು ಮಾಧವ ವಸಂತ, ನಭಸ್ ಮತ್ತು ನಭಸ್ಯ ಮಳೆಗಾಲ.

ಚಂದ್ರನ ತಿಂಗಳು ನಿಜವಾಗಿ ಎಷ್ಟು ದಿನ?

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.53 ದಿನ. ಅಂದರೆ 29 ದಿನ, 12 ಗಂಟೆ, 44 ನಿಮಿಷ. ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರಲು ಚಂದ್ರನಿಗೆ 27.32 ದಿನ ಸಾಕು. 27 ನಕ್ಷತ್ರಗಳ ಲೆಕ್ಕಕ್ಕೆ ಇದೇ ಬುನಾದಿ. ಅಷ್ಟರಲ್ಲಿ ಸೂರ್ಯನೂ ಸುಮಾರು 27 ಡಿಗ್ರಿ ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯಲು ಚಂದ್ರ ಇನ್ನೂ ಎರಡು ದಿನ ಚಿಲ್ಲರೆ ನಡೆಯಬೇಕು. ಇಬ್ಬರ ನಡುವಿನ ದೂರ 12 ಡಿಗ್ರಿ ಹೆಚ್ಚಿದರೆ ಒಂದು ತಿಥಿ. ಅಂಥ 30 ತಿಥಿಗೆ ಒಂದು ಮಾಸ.

ಹದಿಮೂರನೇ ತಿಂಗಳು, ಅಧಿಕ ಮಾಸ ಯಾಕೆ ಬರುತ್ತದೆ?

ಹನ್ನೆರಡು ಚಾಂದ್ರಮಾಸ ಕೂಡಿದರೆ 354 ದಿನ ಚಿಲ್ಲರೆ. ಸೂರ್ಯನ ವರ್ಷ 365 ದಿನ ಚಿಲ್ಲರೆ. ವರ್ಷಕ್ಕೆ ಸುಮಾರು 11 ದಿನ ಕೊರತೆ. ಹಾಗೇ ಬಿಟ್ಟರೆ ಕೆಲವು ವರ್ಷದಲ್ಲಿ ಚೈತ್ರ ಚಳಿಗಾಲಕ್ಕೆ ಬಂದು ಕೂರುತ್ತದೆ. ಇಸ್ಲಾಮಿ ಪಂಚಾಂಗ ಹಾಗೇ ಬಿಡುತ್ತದೆ, ಅದಕ್ಕೇ ರಂಜಾನ್ ಎಲ್ಲ ಋತುಗಳನ್ನೂ ಸುತ್ತುತ್ತದೆ. ನಮ್ಮ ಪಂಚಾಂಗದವರು ಕೊರತೆ ತುಂಬುತ್ತಾರೆ. ಯಾವ ಚಾಂದ್ರಮಾಸದಲ್ಲಿ ಒಂದೂ ಸಂಕ್ರಾಂತಿ ಬರುವುದಿಲ್ಲವೋ, ಅಂದರೆ ಸೂರ್ಯ ರಾಶಿ ಬದಲಿಸುವುದಿಲ್ಲವೋ, ಅದು ಅಧಿಕ. ಅದಕ್ಕೆ ಮುಂದಿನ ತಿಂಗಳ ಹೆಸರನ್ನೇ ಇಡುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. 2026ರದು ಅಧಿಕ ಜ್ಯೇಷ್ಠ. ಸುಮಾರು 19 ವರ್ಷಕ್ಕೆ 7 ಅಧಿಕ ಮಾಸ ಬರುತ್ತವೆ. 19 ವರ್ಷವೂ 235 ಚಾಂದ್ರಮಾಸವೂ ಕೆಲವೇ ಗಂಟೆಗಳ ವ್ಯತ್ಯಾಸದಲ್ಲಿ ಸಮ. ಇದಕ್ಕೆ ತದ್ವಿರುದ್ಧವಾಗಿ ಕ್ಷಯ ಮಾಸವೂ ಉಂಟು, ಒಂದೇ ತಿಂಗಳಲ್ಲಿ ಎರಡು ಸಂಕ್ರಾಂತಿ ಬಿದ್ದಾಗ. ಬಹಳ ಅಪರೂಪ. ಕಳೆದ ಸಲ ಬಂದದ್ದು 1982-83ರಲ್ಲಿ.

ಮೇಲೆ ಹೇಳಿದ ವರುಣನ ಸೂಕ್ತಕ್ಕೆ ವಾಪಸ್ ಬನ್ನಿ. ‘ವೇದ ಮಾಸೋ ಧೃತವ್ರತೋ ದ್ವಾದಶ ಪ್ರಜಾವತಃ’. ವ್ರತ ಬಿಡದ ವರುಣನಿಗೆ ಮಕ್ಕಳೊಂದಿಗರಾದ ಹನ್ನೆರಡು ತಿಂಗಳುಗಳು ಗೊತ್ತು. ಮುಂದಿನ ಮಾತು: ‘ವೇದಾ ಯ ಉಪಜಾಯತೇ’. ಅವುಗಳ ಜೊತೆಗೆ ಹುಟ್ಟುವ ಇನ್ನೊಂದೂ ಅವನಿಗೆ ಗೊತ್ತು. ಹೆಸರು ಹೇಳಿಲ್ಲ. ಹದಿಮೂರನೇ ತಿಂಗಳು ಅಂತಲೇ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಇನ್ನೊಂದು ಸೂಕ್ಷ್ಮ: ಇಲ್ಲಿಯ ‘ಮಾಸೋ’ ಹಳೇ ‘ಮಾಸ್’ ಪದದ ದ್ವಿತೀಯಾ ಬಹುವಚನ. ‘ಮಾಸ’ದ್ದಾಗಿದ್ದರೆ ‘ಮಾಸಾನ್’ ಇರಬೇಕಿತ್ತು.

ಉತ್ತರದಲ್ಲಿ ಶ್ರಾವಣ ನಮಗಿಂತ ಹದಿನೈದು ದಿನ ಮೊದಲೇ ಶುರುವಾಗುವುದು ಯಾಕೆ?

ತಿಂಗಳನ್ನು ಎಲ್ಲಿ ಮುಗಿಸಬೇಕು ಅನ್ನುವುದರಲ್ಲಿ ಭೇದ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಅಮಾವಾಸ್ಯೆಗೆ ಮುಗಿಯುತ್ತದೆ, ಅದು ಅಮಾಂತ. ಉತ್ತರದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ, ಅದು ಪೂರ್ಣಿಮಾಂತ. ಶುಕ್ಲಪಕ್ಷದ ಹೆಸರು ಎರಡೂ ಕಡೆ ಒಂದೇ. ಕೃಷ್ಣಪಕ್ಷದಲ್ಲಿ ಮಾತ್ರ ಹೆಸರು ಬೇರೆ, ತಿಥಿ ಅದೇ. ಹಬ್ಬದ ದಿನ ಬದಲಾಗಲ್ಲ.

ಸೋಮ ಅಂದರೂ ಚಂದ್ರನೇ ತಾನೇ?

ಆಮೇಲೆ ಹೌದು. ಋಗ್ವೇದದಲ್ಲಿ ಸೋಮ ಮುಖ್ಯವಾಗಿ ಹಿಂಡಿ ರಸ ತೆಗೆಯುವ ಒಂದು ಗಿಡ, ಆ ರಸ, ಅದರ ದೇವತೆ. ‘ಬ್ರಾಹ್ಮಣ’ಗಳು ಅನ್ನುವ, ಯಜ್ಞದ ವಿವರ ಹೇಳುವ ವೇದಗ್ರಂಥಗಳ ಹೊತ್ತಿಗೆ ಸೋಮನೇ ಚಂದ್ರ ಅನ್ನುವುದು ಮಾಮೂಲಾಗಿದೆ. ಹಳೇ ಸಂಸ್ಕೃತ ನಿಘಂಟು ಅಮರಕೋಶದ ಪಟ್ಟಿಯಲ್ಲಿ ಸೋಮ, ಇಂದು, ವಿಧು, ಮೃಗಾಂಕ, ಕಲಾನಿಧಿ ಎಲ್ಲ ಒಟ್ಟಿಗೆ ಕೂತಿವೆ. ಚಂದ್ರಮಾ ಕೂಡ ಇದ್ದಾನೆ. ಒಂಟಿ ‘ಮಾಸ್’ ಆ ಸಾಲಿನಲ್ಲಿ ಇಲ್ಲ.

ಸರ್ಕಾರಿ ಕಾಗದಗಳಲ್ಲಿ ‘ಮಾರ್ಚ್ ಮಾಹೆ’ ಅಂತಾರಲ್ಲ, ಅದು ಮಾಸದ ತಪ್ಪು ಕಾಗುಣಿತನಾ?

ತಪ್ಪಲ್ಲ. ಅದು ಪಾರಸಿಯ ‘ಮಾಹ್’, ಆಡಳಿತದ ಮಾತಾಗಿ ಬಂದದ್ದು. ಸಂಸ್ಕೃತದ ಸಕಾರ ಇದ್ದ ಕಡೆ ಪಾರಸಿಯಲ್ಲಿ ಎಷ್ಟೋ ಸಲ ಹಕಾರ ಇರುತ್ತದೆ. ಮಾಸ ಅಲ್ಲಿ ಮಾಹ್. ಸಪ್ತ ಅಲ್ಲಿ ಹಫ್ತ್, ಏಳು. ಏಳು ದಿನದ್ದು ಹಫ್ತಾ. ವಾರ ವಾರ ಹಫ್ತಾ ವಸೂಲಿ ಮಾಡುವವನೂ, ಮಾಹೆವಾರು ವರದಿ ಬರೆಯುವ ಗುಮಾಸ್ತನೂ ಹೀಗೆ ಒಂದೇ ವ್ಯಾಕರಣ ನಿಯಮದ ಕೆಳಗೆ ಬರುತ್ತಾರೆ.